ಮುಂದಿನ ಸಾಲು ಕೇಳಿದ ಮೇಲೆ

ಓಬುಳೇಶು ಮಾಮನ ಬಲಗಾಲಿನ ಹೆಬ್ಬೆರಳು ಮೇಲೆದ್ದು ಹಾಗೇ ನಿಂತದ್ದನ್ನು ನಾನು ನೋಡಿದ್ದು ಸಂಕ್ರಾಂತಿ ಕಳೆದ ವಾರ. ಅದನ್ನು ಬಾಯಿಬಿಟ್ಟು ಹೇಳಿದ್ದು ಯುಗಾದಿಯ ಮಾರನೆಯ ದಿನ. ನಡುವೆ ಹೋದ ಎರಡು ತಿಂಗಳು ನನ್ನಿಂದ ಹೋದವು.

ಮಾಮ ಅಂದರೆ ನನಗೆ ರಕ್ತಸಂಬಂಧವಲ್ಲ. ನಮ್ಮದು ಅವರ ಎದುರುಮನೆ. ಆದರೆ ಧರ್ಮಾವರದಲ್ಲಿ ಸೀರೆಯ ಅಂಚಿನ ಮೇಲೆ ಆನೆ ನಡೆಯಬೇಕಾದರೆ ಮೊದಲು ಅದು ಮಾಮನ ಮನೆಯ ಮುಂದಿನ ಕೋಣೆಯಲ್ಲಿ ರಟ್ಟಿನ ತೂತುಗಳಾಗಬೇಕಿತ್ತು. ಅವರು ಸಣ್ಣ ಚೌಕಗಳ ಹಾಳೆಯ ಮೇಲೆ ಬಣ್ಣ ತುಂಬಿ ಚಿತ್ರ ಬರೆಯುತ್ತಿದ್ದರು. ಆಮೇಲೆ ಒಬ್ಬರು ಹಾಳೆ ಹಿಡಿದು ಸಾಲು ಸಾಲಾಗಿ ಓದಬೇಕು. ಒಂದು ಸಾಲಿಗೆ ಎಂಟು ಚೌಕ, ಒಂದು ರಟ್ಟಿಗೆ ಹಲವು ಸಾಲು. ಯಾವ ಯಾವ ಚೌಕದಲ್ಲಿ ಬಣ್ಣವಿದೆಯೋ ಆ ಅಂಕಿ ಹೇಳಬೇಕು, "ಎರಡು, ಮೂರು, ಏಳು" ಎಂದು. ಯಂತ್ರದ ಮುಂದೆ ಕೂತ ಮಾಮನ ಬೆರಳು ಆ ಗುಂಡಿಗಳನ್ನು ಹಿಡಿಯುತ್ತಿತ್ತು, ಬಲಗಾಲು ಪೆಡಲು ತುಳಿಯುತ್ತಿತ್ತು, ರಟ್ಟಿನಲ್ಲಿ ತೂತು ಬೀಳುತ್ತಿತ್ತು. ಆ ರಟ್ಟುಗಳನ್ನು ದಾರದಲ್ಲಿ ಪೋಣಿಸಿ ಮಗ್ಗದ ಮೇಲೆ ತೂಗುಹಾಕಿದರೆ, ತೂತಿರುವ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಮಲಗಿರುತ್ತದೆ. ಅಷ್ಟೇ. ಅಷ್ಟರಲ್ಲೇ ಆನೆಗೆ ಸೊಂಡಿಲು ಬರುತ್ತದೆ, ಹಂಸಕ್ಕೆ ಕೊಕ್ಕು ಬರುತ್ತದೆ.

ಏಳನೇ ತರಗತಿಗೆ ಶಾಲೆ ಬಿಟ್ಟಾಗ ನನ್ನನ್ನು ಹಾಳೆ ಓದಲು ಕರೆದುಕೊಂಡದ್ದು ಮಾಮ. ಮಾತಾಡದ ಹುಡುಗಿಗೆ ಓದುವ ಕೆಲಸ ಕೊಟ್ಟರೆಂದು ಬೀದಿಯವರೆಲ್ಲ ನಕ್ಕಿದ್ದರು. ಮೊದಲ ದಿನವೇ ಸಾಲು ತಪ್ಪಿಸಿ "ಅಲ್ಲ ಅಲ್ಲ" ಎಂದು ನಾಲಗೆ ಕಚ್ಚಿಕೊಂಡೆ. ರಟ್ಟು ಹಾಳಾಯಿತೆಂದು ಅಳು ಬಂತು. ಮಾಮ ನಗುತ್ತಾ ತಮ್ಮ ಕಾಲು ತೋರಿಸಿದರು. ಅದು ಪೆಡಲಿನಿಂದ ಎರಡು ಬೆರಳು ಮೇಲೆ ಗಾಳಿಯಲ್ಲೇ ನಿಂತಿತ್ತು.

"ನೋಡಿದ್ಯಾ ಚೌಡೀ? ನೀನು ಹೇಳಿದ ತಕ್ಷಣ ತುಳಿಯಲ್ಲ ನಾನು. ನೀನು ಮುಂದಿನ ಸಾಲು ಶುರು ಮಾಡ್ಬೇಕು, ಆಗ ತುಳೀತೀನಿ. ಮುಂದಿನ ಸಾಲು ಬಂತು ಅಂದ್ರೆ ಹಿಂದಿಂದು ಸರಿ ಅಂತ ಅರ್ಥ. ತೂತು ಬಿದ್ಮೇಲೆ ದೇವರಿಗೂ ಮುಚ್ಚೋಕಾಗಲ್ಲ."

ನಮ್ಮ ಕೋಣೆಯ ಕಾನೂನು ಅದು. ಸುಮಾರು ಹನ್ನೊಂದು ವರ್ಷ ನಾನು ಓದಿದೆ, ಅವರು ಒಂದು ಸಾಲು ಹಿಂದೆ ತುಳಿದರು.

ಹೋದ ವರ್ಷದ ಹಿಂದಿನ ವರ್ಷ, ಕಾರ್ತಿಕದಲ್ಲಿ, ಮಾಮ ಬಚ್ಚಲಮನೆಯಲ್ಲಿ ಬಿದ್ದರು. ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ನಲವತ್ತು ದಿನ ಅನಂತಪುರದ ಆಸ್ಪತ್ರೆ. ಮನೆಗೆ ತಂದಾಗ ಉಸಿರು ಇತ್ತು, ಬೇರೇನೂ ಇರಲಿಲ್ಲ. ಕಣ್ಣುಗಳು ಒಂದು ಕಡೆಗೆ ವಾಲುತ್ತಿದ್ದವು, ರೆಪ್ಪೆಗಳು ತಮಗೆ ಬೇಕಾದಾಗ ಬಡಿಯುತ್ತಿದ್ದವು. ಒಳಗೆ ಎಷ್ಟು ತಿಳಿಯುತ್ತಿದೆಯೋ ಹೇಳಲಾಗದು ಎಂದು ಡಾಕ್ಟರು ಕೈಬಿಟ್ಟರು. ಸುಂಕಮ್ಮತ್ತೆ ಗಂಡನ ಮಂಚವನ್ನು ಮುಂದಿನ ಕೋಣೆಯಲ್ಲೇ ಹಾಕಿಸಿದರು, ಯಂತ್ರದ ಪಕ್ಕಕ್ಕೆ. ಅಲ್ಲಿ ಬಾಗಿಲು ಅಗಲ, ಎತ್ತಿ ಇಳಿಸಲು ಅನುಕೂಲ. ತಲೆಯ ಮೇಲೆ ಹೊಸ ಫ್ಯಾನು ಹಾಕಿದರು.

ಅಂದಿನಿಂದ ಓದುವವಳೂ ನಾನೇ, ತುಳಿಯುವವಳೂ ನಾನೇ. ಮನಸ್ಸಿನಲ್ಲೇ ಓದಿಕೊಳ್ಳಲು ನನಗೆ ಬರುವುದಿಲ್ಲ. ಜೋರಾಗಿ ಓದುತ್ತಲೇ ಗುಂಡಿ ಹಿಡಿಯುತ್ತಿದ್ದೆ. ಮಾಮ ಬೀಳುವ ಹಿಂದಿನ ದಿನ ಬರೆದು ಮುಗಿಸಿದ ಆನೆಯ ಹಾಳೆ ಒಂದು ವರ್ಷ ಕಪಾಟಿನಲ್ಲೇ ಇತ್ತು. ಸಂಕ್ರಾಂತಿಗೆ ಮಾಮನ ತಮ್ಮ ರಂಗಪ್ಪ ಅದನ್ನು ತೆಗೆದುಕೊಟ್ಟು, "ಅಣ್ಣನ ಕೊನೇ ಆನೆ, ಮಗ್ಗಕ್ಕೆ ಏರಲಿ" ಎಂದ. ಅದನ್ನು ಓದುವಾಗಲೇ ನಾನು ಆ ಹೆಬ್ಬೆರಳು ನೋಡಿದ್ದು. ಹೊದಿಕೆಯ ಹೊರಗೆ ಚಾಚಿದ್ದ ಪಾದದಲ್ಲಿ ಅದೊಂದು ಮಾತ್ರ ಎದ್ದು, ಬಹಳ ಹೊತ್ತು ಇಳಿಯಲೇ ಇಲ್ಲ. ನರ ಹಿಡಿದಿರಬೇಕು ಅಂದುಕೊಂಡೆ. ಮಾರನೆಯ ದಿನದಿಂದ ಗಮನವಿಟ್ಟೆ. ನಾನು ಓದುವಾಗ ಬೆರಳು ಏಳುತ್ತಿತ್ತು, ಬೀಳುತ್ತಿತ್ತು. ಓದು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು.

ಯಾರಿಗೂ ಹೇಳಲಿಲ್ಲ. ಹಿಂದೊಮ್ಮೆ, ಮಾಮ ನನ್ನನ್ನೇ ನೋಡಿದ ಹಾಗಿದೆ ಎಂದು ಬಾಯಿಬಿಟ್ಟಿದ್ದೆ. ರಂಗಪ್ಪ ಹತ್ತು ಮಂದಿ ನೇಕಾರರ ಮುಂದೆ, "ನಮ್ಮ ಚೌಡಿ ದಿನಾ ಮಾತಾಡಲ್ಲ ಕಣ್ರಪ್ಪೋ. ಮಾತಾಡಿದ ದಿನ ಪವಾಡ ನೋಡಿರ್ತಾಳೆ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಕೆಟ್ಟ ಮನುಷ್ಯನಲ್ಲ ರಂಗಪ್ಪ. ಅಣ್ಣನನ್ನು ಮಗುವಿನ ಹಾಗೆ ಎತ್ತಿ ಸ್ನಾನ ಮಾಡಿಸುವವನು ಅವನೇ. ಆದರೆ ಅವನ ನಾಲಗೆಗೆ ನಾನು ಹೆದರುತ್ತಿದ್ದೆ.

ಫೆಬ್ರವರಿಯಲ್ಲಿ ಶಹನಾಜ್ ಮೇಡಂ ಬಂದರು. ಪ್ರತಿ ತಿಂಗಳ ಮೊದಲ ಗುರುವಾರ ಅನಂತಪುರದಿಂದ ಬಸ್ಸಿನಲ್ಲಿ ಬರುತ್ತಾರೆ, ಹೆಗಲಿಗೊಂದು ದೊಡ್ಡ ಚೀಲ. ಮನೆಮನೆಗೆ ಹೋಗಿ, ಕೈಕಾಲು ಆಡದವರಿಗೆ ಸ್ವಿಚ್ಚು ಕೊಡುವ ಕೆಲಸ. ಗೋಡೆಯ ಸ್ವಿಚ್ಚಲ್ಲ. ಚೀಲದಿಂದ ತೆಗೆದು ಮಂಚದ ಮೇಲೆ ಇಟ್ಟಾಗ ನಾನು ಕೋಣೆಯ ಮೂಲೆಯಲ್ಲಿ ನಿಂತು ನೋಡಿದೆ. ಒಂದು ಕೆಂಪಗೆ, ಉಪ್ಪಿನಕಾಯಿ ಭರಣಿಯ ಮುಚ್ಚಳದಷ್ಟು ಅಗಲ. ಒಂದು ಬಳ್ಳಿಯ ಹಾಗೆ ಬಾಗುವಂಥದ್ದು. ಇನ್ನೊಂದು ಕೊಳವೆ, ಊದಿದರೆ ಸಾಕು. ಎಲ್ಲದರ ತಂತಿಯೂ ಒಂದು ಪರದೆಗೆ ಹೋಗುತ್ತಿತ್ತು. ಪರದೆಯ ಮೇಲೆ ಚಿತ್ರಗಳ ಸಾಲು. ಬೆಳಕು ಒಂದೊಂದೇ ಚಿತ್ರದ ಮೇಲೆ ನಡೆಯುತ್ತದೆ, ಒಳಗಿನ ದನಿ ಅದರ ಹೆಸರು ಹೇಳುತ್ತದೆ. ಬೇಕಾದ ಚಿತ್ರ ಬಂದಾಗ ಸ್ವಿಚ್ಚು ಒತ್ತಿದರೆ, ಅದೇ ಅವರ ಮಾತು.

"ಇಡೀ ಮೈಯಲ್ಲಿ ಒಂದೇ ಒಂದು ಜಾಗ ಅವರ ಮಾತು ಕೇಳಿದ್ರೆ ಸಾಕು ಅತ್ತೆ" ಎಂದರು ಮೇಡಂ. "ಒಂದು ಕೆನ್ನೆ, ಒಂದು ಗಲ್ಲ. ಗುಂತಕಲ್ಲಲ್ಲಿ ಒಬ್ಬರು ರೈಲ್ವೆ ಗಾರ್ಡ್ ಇದಾರೆ, ಹುಬ್ಬಲ್ಲಿ ಒತ್ತುತಾರೆ. ಹುಬ್ಬಲ್ಲೇ ಕರೆಂಟ್ ಆಫೀಸಿಗೆ ದೂರು ಬರೆದು ಬೀದಿಗೆ ಲೈಟ್ ಹಾಕಿಸಿದ್ರು."

"ಹುಬ್ಬಲ್ಲಾ!" ಎಂದ ರಂಗಪ್ಪ. "ನಾವು ಕೈಯಲ್ಲಿ ಬರೆದ್ರೂ ಇನ್ನೂ ಲೈಟ್ ಬಂದಿಲ್ಲ."

ಆದರೆ ಚೀಲದಲ್ಲಿದ್ದದ್ದು ಕೊಟ್ಟುಹೋಗಬಹುದಾದ ಒಂದೇ ಪರದೆ. ಕಾದಿರುವವರ ಪಟ್ಟಿ ಉದ್ದವಿತ್ತು. ಮೇಡಂ ಅದನ್ನು ಮುಚ್ಚಿಡದೆ ಹೇಳಿದರು: ಮೂರು ಸಲ ಬಂದು ನೋಡುತ್ತೇನೆ, ಹತ್ತರಲ್ಲಿ ಏಳು ಸರಿ ಬಂದರೆ ಯಂತ್ರ ಇಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ತಾಡಿಪತ್ರಿಯ ಒಂದು ಹುಡುಗಿಗೆ ಹೋಗುತ್ತದೆ. ಮತ್ತೆ ಮಾಮನ ಸರದಿ ಯಾವಾಗಲೋ.

ಮೊದಲ ಸಲ ಕೈಗಿಟ್ಟರು. ಆಗಲಿಲ್ಲ. ಮಾರ್ಚಿನಲ್ಲಿ ಕೆನ್ನೆಗೆ ಇಟ್ಟರು. ಕೆಮ್ಮಿದಾಗೆಲ್ಲ ಅದು ತಾನೇ ಒತ್ತಿಕೊಂಡು, ಯಂತ್ರ "ಊಟ, ಊಟ, ಊಟ" ಎಂದು ಕೂಗಿತು. ಸುಂಕಮ್ಮತ್ತೆ ಗಾಬರಿಯಾಗಿ ಅಂಬಲಿ ತಂದರು. ಎರಡು ಸಲವೂ ನಾನು ಅದೇ ಕೋಣೆಯಲ್ಲಿದ್ದೆ. ಎರಡು ಸಲವೂ ಕಾಲು ಹೊದಿಕೆಯೊಳಗಿತ್ತು.

ಯುಗಾದಿಯ ಮಾರನೆಯ ದಿನ ಸುಂಕಮ್ಮತ್ತೆ ಒಬ್ಬರೇ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹೋಗಿ ಅವರ ಪಕ್ಕ ಕೂತು, ಪಾತ್ರೆ ಉಜ್ಜುತ್ತಾ, ಅದನ್ನೇ ನೋಡಿಕೊಂಡು ಹೇಳಿದೆ, "ಅತ್ತೆ, ಮಾಮನ ಕಾಲು ಆಡುತ್ತೆ."

ಅತ್ತೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. "ಯಾವಾಗಿಂದ?"

"ಸಂಕ್ರಾಂತಿಯಿಂದ."

ಬೈಯುತ್ತಾರೆ ಅಂದುಕೊಂಡೆ. ಅವರು ಬೂದಿಯ ಕೈಯಲ್ಲೇ ನನ್ನ ಗಲ್ಲ ಹಿಡಿದು, "ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ಯಾ, ಹುಚ್ಚಿ" ಎಂದು ಒಳಗೆ ಓಡಿದರು.

ಏಪ್ರಿಲಿನ ಮೊದಲ ಗುರುವಾರ, ಮೂರನೆಯ ಸಲ ಬಂದಾಗ, ಶಹನಾಜ್ ಮೇಡಂ ಕೆಂಪು ಸ್ವಿಚ್ಚನ್ನು ಮಾಮನ ಬಲ ಹೆಬ್ಬೆರಳ ಕೆಳಗೆ ಒಂದು ಹಲಗೆಗೆ ಕಟ್ಟಿದರು. ಒತ್ತಿದರೆ "ಟಕ್" ಎನ್ನುತ್ತಿತ್ತು. ಪರದೆಯಲ್ಲಿ ಆರು ಚಿತ್ರ: ನೀರು, ದಿಂಬು, ಫ್ಯಾನು, ಊಟ, ಹಾಡು. ಆರನೆಯದು ಮನೆಯವರ ಒಂದು ಮುಖ. ತಲೆ ಬಾಚಿಲ್ಲವೆಂದು ಅತ್ತೆ ಫೋಟೋಗೆ ಒಪ್ಪಲಿಲ್ಲ. ರಂಗಪ್ಪ ಕೂದಲಿಗೆ ನೀರು ಹಚ್ಚಿಕೊಂಡು ಬಂದು ನಿಂತ.

"ಮಾಮಾ, ಫ್ಯಾನು ಬಂದಾಗ ಒತ್ತಿ" ಎಂದರು ಮೇಡಂ.

ಬೆಳಕು ನಡೆಯಿತು. ನೀರು. ದಿಂಬು. ಫ್ಯಾನು. ಊಟ. ಟಕ್.

ಯಂತ್ರ "ಊಟ" ಎಂದಿತು.

ಎಲ್ಲರೂ ಉಸಿರು ಬಿಟ್ಟೆವು. ಕಾಲು ಆಡಿತಲ್ಲ! ಅತ್ತೆ ಕೈಮುಗಿದರು. ಆದರೆ ಮೇಡಂ ಹಾಳೆಯ ಮೇಲೆ ಒಂದು ತಪ್ಪಿನ ಗುರುತು ಹಾಕಿದರು.

ಪ್ರತಿ ಸಲವೂ ಚಿತ್ರಗಳ ಜಾಗ ಬದಲಿಸಿದರು. ನೀರು ಕೇಳಿದರೆ ಹಾಡು ಬಂತು. ದಿಂಬು ಕೇಳಿದರೆ ನೀರು. ಹಾಡು ಕೇಳಿದರೆ ರಂಗಪ್ಪ.

"ಫ್ಯಾನು ಕೇಳಿದ್ರೆ ಊಟ ಅಂತಾನೆ, ಹಾಡು ಕೇಳಿದ್ರೆ ನನ್ನ ಹೆಸರು ಹೇಳ್ತಾನೆ" ಎಂದ ರಂಗಪ್ಪ. ನಗಿಸಲು ನೋಡಿದ, ಆದರೆ ಅವನ ದನಿಯೇ ಕುಸಿದಿತ್ತು. ರಂಗಪ್ಪನ ಫೋಟೋ ಕೇಳಿದಾಗ ಮಾತ್ರ ಟಕ್ ಬರಲೇ ಇಲ್ಲ. ಬೆಳಕು ಎರಡು ಸುತ್ತು ಹಾಕಿ ಸುಮ್ಮನಾಯಿತು.

ಹತ್ತರಲ್ಲಿ ಒಂದೂ ಇಲ್ಲ.

"ಕಾಲು ಇನ್ನೂ ಬಲ ಇಲ್ಲ, ಅದಕ್ಕೆ ತಡ ಆಗ್ತಿರ್ಬಹುದು. ನಿಧಾನ ಮಾಡ್ತೀನಿ" ಎಂದರು ಮೇಡಂ. ಬೆಳಕು ಒಂದೊಂದು ಚಿತ್ರದ ಮೇಲೆ ಐದು ಎಣಿಸುವಷ್ಟು ಹೊತ್ತು ನಿಲ್ಲುವಂತೆ ಮಾಡಿದರು. ಫ್ಯಾನಿನ ಮೇಲೆ ನಿಂತಿತು. ಒಂದು, ಎರಡು, ಮೂರು, ನಾಲ್ಕು, ಐದು. ಏನಿಲ್ಲ. "ಊಟ" ಎಂದಿತು ದನಿ. ಟಕ್.

ಸುಂಕಮ್ಮತ್ತೆ ಮಾಮನ ಕಿವಿಗೆ ಬಗ್ಗಿದರು. "ಏನಯ್ಯಾ, ಕೇಳಿಸ್ತಾ ಇದೆಯೇನಯ್ಯಾ? ಫ್ಯಾನು ಅಂದ್ರೆ ಫ್ಯಾನು ಒತ್ತಯ್ಯಾ. ನನ್ನ ಮಾನ ಉಳಿಸಯ್ಯಾ."

ಮತ್ತೆ ಹಾಗೇ. ಮೇಡಂ ಹಾಳೆ ಮಡಿಚಿದರು. ತಂತಿ ಕೀಳುವ ಮುನ್ನ ಮಾಮನ ಹೊದಿಕೆ ಸರಿಮಾಡಿದರು. "ಕೆಲವರಿಗೆ ಯಾವುದೋ ಶಬ್ದಕ್ಕೆ ಕಾಲು ತಾನಾಗೇ ಅದುರುತ್ತೆ ಅತ್ತೆ. ಅದು ಅವರ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಪಟ್ಟೀಲಿ ಹೆಸರು ಇರುತ್ತೆ. ಮುಂದೆ ನೋಡೋಣ."

ಆ ಮಾತು ಕೇಳಿ ಅತ್ತೆ ಅಳಲಿಲ್ಲ. ಗೋಡೆಗೆ ಒರಗಿ ಕೂತರು. ಅದು ಅಳುವುದಕ್ಕಿಂತ ಕಷ್ಟವಾಗಿತ್ತು ನನಗೆ.

ನಾನು ಅಷ್ಟೂ ಹೊತ್ತು ಪರದೆ ನೋಡಿರಲಿಲ್ಲ. ಕಾಲು ನೋಡುತ್ತಿದ್ದೆ. ಬೆಳಕು ಫ್ಯಾನಿನ ಮೇಲೆ ಬಂದು ದನಿ "ಫ್ಯಾನು" ಎಂದ ಕೂಡಲೇ ಹೆಬ್ಬೆರಳು ಎದ್ದಿತ್ತು. ಬೇರೆ ಹೆಸರಿಗೆ ಏಳಲಿಲ್ಲ, ಅದೊಂದಕ್ಕೇ ಎದ್ದಿತು. ಎದ್ದು, ಆ ಐದು ಎಣಿಕೆಯುದ್ದಕ್ಕೂ ಸ್ವಿಚ್ಚಿನ ಮೇಲೆ ಗಾಳಿಯಲ್ಲಿ ನಿಂತಿತ್ತು. ನಡುಗುತ್ತಿತ್ತು, ಆದರೂ ಇಳಿಯಲಿಲ್ಲ. ಮುಂದಿನ ಹೆಸರು ಬಂತು, ಇಳಿಯಿತು.

ಆ ಗಾಳಿಯಲ್ಲಿ ನಿಂತ ಕಾಲು ನನಗೆ ಗೊತ್ತು. ಅದರ ಎದುರಿಗೇ ನಾನು ದೊಡ್ಡವಳಾದದ್ದು.

"ಮೇಡಂ" ಎಂದೆ. ಯಾರಿಗೂ ಕೇಳಿಸಲಿಲ್ಲ. ರಂಗಪ್ಪ ಬಸ್ಸಿನ ಹೊತ್ತು ಹೇಳುತ್ತಿದ್ದ. ಮೇಡಂ ಪರದೆಯನ್ನು ಚೀಲಕ್ಕೆ ಹಾಕಿದ್ದರು, ಇನ್ನು ಹಲಗೆ ಬಿಚ್ಚಬೇಕಿತ್ತು. ನನಗೆ ಜೋರಾಗಿ ಬರುವುದು ಒಂದೇ ಮಾತು. ಎದ್ದುಹೋಗಿ ನನ್ನ ಹಳೆಯ ಸ್ಟೂಲಿನ ಮೇಲೆ ಕೂತೆ, ಚೌಕಗಳ ಹಾಳೆ ಎತ್ತಿಕೊಂಡೆ, ಓದಿದೆ.

"ಎರಡು, ಮೂರು, ಏಳು."

ಹೆಬ್ಬೆರಳು ಎದ್ದಿತು.

"ಒಂದು, ನಾಲ್ಕು..."

ಟಕ್.

"...ಐದು. ಎರಡು, ಆರು..."

ಟಕ್.

"ಏ ಚೌಡೀ!" ರಂಗಪ್ಪ ತಿರುಗಿದ. "ಇದೇನೇ ಇದು, ಕೆಲಸಕ್ಕೆ ಕೂರೋ ಹೊತ್ತಾ? ಮೇಡಂ ಹೊರಟು ನಿಂತಿದಾರೆ, ಒಂದು ಲೋಟ ನೀರು ಕೊಡೋದು ಬಿಟ್ಟು..."

ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಶುರುಮಾಡುವ ಧೈರ್ಯ ಬರುತ್ತಿರಲಿಲ್ಲ. ಇನ್ನೆರಡು ಸಾಲು ಓದಿದೆ, ಎರಡು ಟಕ್ ಬಂದವು. ಆಮೇಲೆ ಬೇಕೆಂದೇ ತಪ್ಪು ಮಾಡಿದೆ.

"ಮೂರು, ಆರು. ಅಲ್ಲ ಅಲ್ಲ."

ಬೆರಳು ಮೇಲೇ ಇತ್ತು.

"ಮೂರು, ಎಂಟು."

ಮೇಲೇ ಇತ್ತು.

"ಒಂದು..."

ಟಕ್.

ಶಹನಾಜ್ ಮೇಡಂ ಹಲಗೆಯ ಹಗ್ಗಕ್ಕೆ ಹಾಕಿದ್ದ ಕೈ ತೆಗೆದು ನಿಧಾನವಾಗಿ ನೆಲದ ಮೇಲೆ ಕೂತರು. "ಇನ್ನೊಂದ್ಸಲ ಓದಮ್ಮ" ಎಂದರು. ಓದಿದೆ. ಈ ಸಲ ನನ್ನ ಮುಖ ನೋಡದೆ ಕಾಲು ನೋಡಿದರು. ಇನ್ನೊಂದ್ಸಲ ಎಂದರು. ತಪ್ಪು ಹೇಳಿದೆ, ತಿದ್ದಿದೆ. ಬೆರಳು ಕಾದಿತು.

"ಏನಿದು? ನನಗೆ ಹೇಳು."

ಹಾಳೆಯ ಮೇಲೆ ಕಣ್ಣಿಟ್ಟೇ ಹೇಳಿದೆ. "ಮಾಮ ತಡ ಮಾಡ್ತಿಲ್ಲ ಮೇಡಂ. ಕಾಯ್ತಿದಾರೆ. ಓದೋರು ತಪ್ಪು ಹೇಳಿರ್ಬಹುದು ಅಂತ, ಮುಂದಿಂದು ಕೇಳಿದ ಮೇಲೇನೇ ತುಳಿಯೋದು. ನಮ್ಮ ಕೆಲಸದಲ್ಲಿ ಹಾಗೇ. ತೂತು ಬಿದ್ಮೇಲೆ ಮುಚ್ಚೋಕಾಗಲ್ಲ ಅಲ್ವಾ."

ಮೇಡಂ ಮಡಿಚಿದ ಹಾಳೆ ಬಿಡಿಸಿದರು. ಕೇಳಿದ್ದು ಯಾವುದು, ಬಂದದ್ದು ಯಾವುದು, ಆಗ ಚಿತ್ರಗಳು ಯಾವ ಸಾಲಿನಲ್ಲಿದ್ದವು, ಎಲ್ಲವನ್ನೂ ಬರೆದುಕೊಂಡಿದ್ದರು. ಪೆನ್ಸಿಲು ಹಿಡಿದು ಒಂದೊಂದೇ ಇಳಿದರು. ಫ್ಯಾನಿನ ಮುಂದಿನದು ಊಟ. ನೀರಿನ ಮುಂದಿನದು ಹಾಡು. ದಿಂಬಿನ ಮುಂದಿನದು ನೀರು. ಪ್ರತಿ ತಪ್ಪೂ ಸರಿಯ ಪಕ್ಕದಲ್ಲೇ ಕೂತಿತ್ತು, ಪ್ರತಿ ಸಲವೂ ಅದೇ ಬದಿಯಲ್ಲಿ.

"ಒಂಬತ್ತು" ಎಂದರು. "ಹತ್ತರಲ್ಲಿ ಒಂಬತ್ತು."

ಪರದೆಯನ್ನು ಮತ್ತೆ ತೆಗೆದರು. ಬಸ್ಸು ಹೋಯಿತು ಎಂದು ರಂಗಪ್ಪ ನೆನಪಿಸಿದರೆ, ಹೋಗಲಿ ಬಿಡಿ ಎಂದರು. ಮಾಮನ ಕಾಲ ಹತ್ತಿರ ಹೋಗಿ, ಅವರ ಕಣ್ಣಿಗೆ ಬೀಳುವಂತೆ ಬಗ್ಗಿ ಮಾತಾಡಿದರು. ಆವರೆಗೆ ಮಾಮ ಎನ್ನುತ್ತಿದ್ದವರು ಆಗ ನೇಕಾರರ ಹಾಗೆ ಮಾಸ್ಟರ್ ಎಂದರು.

"ಮಾಸ್ಟರ್, ತಪ್ಪು ನಂದು. ನಾನು ಎಷ್ಟೋ ಜನಕ್ಕೆ ಇದನ್ನ ಕಲಿಸಿದೀನಿ. ಒತ್ತೋದು ಯಾರಾದ್ರೂ ಕಲೀತಾರೆ. ಬೇಡದ ಕಡೆ ಒತ್ತದೆ ಕೈ ತಡ್ಕೊಂಡು ಕಾಯೋದು ಇದೆಯಲ್ಲ, ಅದಕ್ಕೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷ. ಈ ಸ್ಥಿತೀಲಿ, ಒಂದೇ ಒಂದು ಬೆರಳು ಇಟ್ಕೊಂಡು, ಅದನ್ನ ಐದು ಎಣಿಸೋತನಕ ಮೇಲೆ ಹಿಡಿದ್ರಲ್ಲ ನೀವು!"

ಆಗಲೇ ನನಗೂ ಅದರ ತೂಕ ತಿಳಿದದ್ದು. ಬೆರಳು ಬಿಡುವುದಲ್ಲ, ಎತ್ತಿ ಹಿಡಿಯುವುದು ಕಷ್ಟ. ಸಂಕ್ರಾಂತಿಯಿಂದ ದಿನವಿಡೀ ನನ್ನ ಓದಿಗೆ ಅವರು ಅದನ್ನು ಎತ್ತಿ ಹಿಡಿದಿದ್ದರು. ಯಂತ್ರವಿಲ್ಲ, ಪೆಡಲಿಲ್ಲ, ರಟ್ಟಿಲ್ಲ. ಯಾರೂ ನೋಡುತ್ತಿಲ್ಲವೆಂದು ಗೊತ್ತಿದ್ದೂ ಒಂದು ಸಾಲನ್ನೂ ಬಿಡದೆ ತಮ್ಮ ಕೆಲಸ ತಾವು ಮಾಡಿದ್ದರು.

ಮಾಮನಿಗೆ ಹೊಸ ಅಭ್ಯಾಸ ಕಲಿಸಬೇಕೇ ಎಂದು ಸುಂಕಮ್ಮತ್ತೆ ಕೇಳಿದರು. ಮೇಡಂ ತಲೆಯಾಡಿಸಿದರು. "ಇಷ್ಟು ವರ್ಷದ ಕೈಯನ್ನ ಯಾಕೆ ಕೆಡಿಸೋದು? ಯಂತ್ರಾನೇ ಅವರ ಮಾತು ಕೇಳ್ಲಿ." ಒಳಗೆ ಏನೋ ಬದಲಿಸಿದರು. ಈಗ ಪ್ರತಿ ಹೆಸರಿನ ನಂತರ ಒಂದು ಸಣ್ಣ ಗಂಟೆ ಬಾರಿಸುತ್ತದೆ. ಗಂಟೆ ಕೇಳಿದ ಮೇಲೆ ಒತ್ತಿದರೆ ಹಿಂದಿನ ಹೆಸರಿಗೇ ಲೆಕ್ಕ.

"ಈಗ ನಿಮಗೇ ಏನು ಬೇಕೋ ಅದನ್ನ ಒತ್ತಿ ಮಾಸ್ಟರ್. ನಾನು ಕೇಳಲ್ಲ."

ನೀರು, ಗಂಟೆ. ಊಟ, ಗಂಟೆ. ಫ್ಯಾನು, ಗಂಟೆ. ಟಕ್.

"ಫ್ಯಾನು ಹಾಕೇ ಇದೆಯಲ್ಲ!" ಎಂದರು ಅತ್ತೆ. "ಇನ್ನೂ ಜೋರು ಬೇಕೇನಯ್ಯಾ?"

ಮತ್ತೆ ಫ್ಯಾನು. ಟಕ್. ಮೂರನೆಯ ಸಲವೂ ಫ್ಯಾನು. ನಾನು ಎದ್ದು ಅದನ್ನು ಆರಿಸಿದೆ. ಈ ಕೋಣೆಯಲ್ಲಿ ಎಂದೂ ಫ್ಯಾನು ಇರಲಿಲ್ಲ. ಹಾಳೆ ಹಾರುತ್ತದೆ, ಗೆರೆ ಕದಲುತ್ತದೆ ಎಂದು ಎಂಥ ಬೇಸಗೆಯಲ್ಲೂ ಮಾಮ ಹಾಕಗೊಡುತ್ತಿರಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ನನ್ನ ಕೈಯಲ್ಲಿ ಹಾಳೆ ಪಟಪಟ ಎನ್ನುವುದನ್ನು ಕೇಳುತ್ತಾ ಮಲಗಿದ್ದರು. ರೆಕ್ಕೆ ನಿಂತಿತು. ಬೆರಳು ಹಲಗೆಯ ಮೇಲೆ ಆರಾಮವಾಗಿ ಒರಗಿತು.

ಸುಂಕಮ್ಮತ್ತೆ ಆಗ ಅತ್ತರು. ಅಳುತ್ತಲೇ ಒಳಗೆ ಹೋಗಿ ಮಂಡಕ್ಕಿ ನೆನೆಸಿ ಉಗ್ಗಾಣಿ ಒಗ್ಗರಿಸಿ, ಮಿರ್ಚಿ ಕರಿದು ತಂದರು. ಮೇಡಂ ಎರಡು ತಟ್ಟೆ ತಿಂದರು.

"ಎಲ್ಲಾ ಸರಿ" ಎಂದ ರಂಗಪ್ಪ, ಬಾಯಿತುಂಬ ಮಿರ್ಚಿ ಇಟ್ಟುಕೊಂಡು. "ಹತ್ತರಲ್ಲಿ ಒಂಬತ್ತು ಅಂದ್ರಿ. ತಪ್ಪಿದ್ದು ನನ್ನ ಫೋಟೋ ತಾನೇ? ಏನಣ್ಣಾ, ದಿನಾ ಸ್ನಾನ ಮಾಡಿಸೋನು ನಾನು, ನನ್ನ ಗುರುತೇ ಸಿಗಲಿಲ್ವಾ? ಮೇಡಂ, ಇನ್ನೊಂದ್ಸಲ ಕೇಳಿ."

ಮೇಡಂ ಕೇಳಿದರು. ಬೆಳಕು ಅವನ ಫೋಟೋದ ಮೇಲೆ ಬಂತು. "ರಂಗಪ್ಪ" ಎಂದಿತು ದನಿ. ಗಂಟೆ ಬಾರಿಸಿತು. ಬೆರಳು ಅಲುಗಲಿಲ್ಲ. ಇನ್ನೊಂದು ಸುತ್ತು. ರಂಗಪ್ಪ ಅಣ್ಣನ ಪಾದದ ಹತ್ತಿರ ಬಗ್ಗಿ ಕೂತಿದ್ದ. "ರಂಗಪ್ಪ." ಗಂಟೆ. ಹೆಬ್ಬೆರಳು ಎದ್ದಿತು, ಗಾಳಿಯಲ್ಲಿ ನಿಂತಿತು, ಒತ್ತದೆಯೇ ಮೆಲ್ಲಗೆ ಪಕ್ಕಕ್ಕೆ ಮಲಗಿತು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. "ಬೇಕೂ ಅಂತಲೇ ಮಾಡ್ತಿದಾನೆ ಕಣೋ! ಮದುವೆಯಾದ ಹೊಸದ್ರಲ್ಲೂ ಹೀಗೇ ಆಟ ಆಡಿಸ್ತಿದ್ದ!"

"ಇವನು ನಮ್ಮಣ್ಣಾನೇ" ಎಂದ ರಂಗಪ್ಪ. ಎದ್ದು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. "ಖಾರ ಜಾಸ್ತಿ ಆಗಿದೆ ಅತ್ತಿಗೆ."

ಯಂತ್ರ ಉಳಿಯಿತು. ತಾಡಿಪತ್ರಿಯ ಹುಡುಗಿಯ ವಿಷಯ ನಾನು ಆಮೇಲೆ ಅತ್ತೆಯ ಕೈಲಿ ಕೇಳಿಸಿದೆ. ಅವಳಿಗೆ ಮಳೆಗಾಲದ ಹೊತ್ತಿಗೆ ಬೇರೊಂದು ಬಂತು, ಮೊಣಕೈಯಿಂದ ಒತ್ತುತ್ತಾಳಂತೆ.

ಮೇ ತಿಂಗಳಲ್ಲಿ ಮೇಡಂ ಪರದೆಗೆ ಅಕ್ಷರಗಳನ್ನು ಹಾಕಿದರು. ಅಕ್ಷರಗಳು ಚೌಕಗಳಲ್ಲಿ ಕೂತಿದ್ದವು. ಬೆಳಕು ಮೊದಲು ಸಾಲು ಸಾಲಾಗಿ ಇಳಿಯುತ್ತದೆ. ಬೇಕಾದ ಸಾಲಿನಲ್ಲಿ ಒತ್ತಿದರೆ ಆ ಸಾಲಿನೊಳಗೆ ಒಂದೊಂದೇ ಚೌಕ ನಡೆಯುತ್ತದೆ. ಇದನ್ನು ಅರ್ಥ ಮಾಡಿಸಲು ಮೂರು ನಾಲ್ಕು ಸಲ ಬರಬೇಕಾಗುತ್ತದೆ ಎಂದು ಮೇಡಂ ಹೇಳುತ್ತಿರುವಾಗಲೇ ಮಾಮ ಮೊದಲ ಅಕ್ಷರ ಒತ್ತಿಯಾಗಿತ್ತು. ಸಾಲು, ಸಾಲೊಳಗೆ ಚೌಕ. ಮೂವತ್ತು ವರ್ಷ ಅವರು ಮಾಡಿದ್ದೇ ಅದು.

ಮುಕ್ಕಾಲು ಗಂಟೆ ಹಿಡಿಯಿತು. ಅತ್ತೆಗೆ ಓದು ಬರದು, ರಂಗಪ್ಪ ಒಂದೊಂದೇ ಅಕ್ಷರ ಕೂಡಿಸಿ ಹೇಳಿದ. "ಆನೆ. ಆನೆ ಮೂವತ್ತೊಂದು."

"ಆನೆ ಮೂವತ್ತೊಂದಾ?" ಅತ್ತೆ ಕಂಗಾಲಾದರು. "ಹರಕೆ ಏನಾದ್ರೂ ಹೊತ್ತಿದ್ಯೇನಯ್ಯಾ? ಮೂವತ್ತೊಂದು ಆನೆ ಎಲ್ಲಿಂದ ತರ್ಲಿ?"

ಅದು ಆನೆಗಳ ಲೆಕ್ಕವಲ್ಲ, ರಟ್ಟಿನ ಅಂಕಿ. ಆನೆಯ ರಟ್ಟುಗಳ ಇನ್ನೊಂದು ಮಾಲೆ ಗೂಟದಲ್ಲಿ ತೂಗುತ್ತಿತ್ತು. ಮಗ್ಗಕ್ಕೆ ಹೋದದ್ದರ ಜೊತೆಗೇ, ಅದೇ ಹಾಳೆಯಿಂದ, ಅದೇ ಓದಿನಲ್ಲಿ ಜೋಡಿ ರಟ್ಟಿಟ್ಟು ಹೊಡೆದದ್ದು. ಇಳಿಸಿ ಮೂವತ್ತೊಂದನೆಯದನ್ನು ಎಣಿಸಿ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದೆ, ಹಾಳೆಯ ಪಕ್ಕ ಇಟ್ಟು ನೋಡಿದೆ. ಸೊಂಡಿಲು ಬಾಗುವ ಜಾಗ. ಹಾಳೆಯಲ್ಲಿ ಐದು, ಏಳು, ಎಂಟು. ರಟ್ಟಿನಲ್ಲಿ ಐದು, ಆರು, ಎಂಟು. ಸಂಕ್ರಾಂತಿ ಕಳೆದ ವಾರ ಓದಿದ ಸಾಲು ಅದು. ಹೆಬ್ಬೆರಳು ಎದ್ದು, ಇಳಿಯದೆ ನಿಂತ ದಿನ. ನಾನು "ಅಲ್ಲ ಅಲ್ಲ" ಎನ್ನುತ್ತೇನೆಂದು ಅವರು ಕಾದಿದ್ದರು. ನಾನು ಅನ್ನಲಿಲ್ಲ.

ಮಗ್ಗದಿಂದ ಆಗಲೇ ಎರಡು ಸೀರೆ ಇಳಿದಿದ್ದವು. ಸೊಂಡಿಲಿನಲ್ಲಿ ಎಳೆಯಷ್ಟು ಮುರುಕು. ನೇಯ್ದವನೂ ನೋಡಿರಲಿಲ್ಲ, ಉಟ್ಟವರೂ ನೋಡುತ್ತಿರಲಿಲ್ಲ. ಕಣ್ಣು ನಿಲ್ಲದ ಒಬ್ಬ ಮನುಷ್ಯ ಕಿವಿಯಿಂದಲೇ ನೋಡಿ, ನಾಲ್ಕು ತಿಂಗಳು ತಲೆಯಲ್ಲಿ ಇಟ್ಟುಕೊಂಡು, ಮಾತು ಬಂದ ಮೊದಲ ದಿನ ಹೇಳಿದರು.

"ತಪ್ಪಾಯ್ತು ಮಾಮಾ" ಎಂದೆ.

ಟಕ್, ಟಕ್ ಎಂದು ಮತ್ತೆ ಅಕ್ಷರ ಹುಡುಕತೊಡಗಿದರು. ರಂಗಪ್ಪ ಕೂಡಿಸಿದ. "ಹೊ. ಸ. ರ. ಹೊಸ ರಟ್ಟು ಅಂತೆ ಕಣೇ ಚೌಡೀ. ಅಳೋದು ಆಮೇಲೆ."

ಹೊಸ ರಟ್ಟು ಯಂತ್ರಕ್ಕೆ ಹಾಕಿದೆ. ರಂಗಪ್ಪ ಮಾಮನ ಹಲಗೆಯನ್ನು ನನ್ನ ಕಡೆಗೆ ತಿರುಗಿಸಿದ, ಟಕ್ ಎನ್ನುವುದು ನನಗೆ ಚೆನ್ನಾಗಿ ಕೇಳಲೆಂದು. ಮೊದಲ ಸಾಲುಗಳನ್ನು ಓದಿ ತುಳಿದೆ. ಸೊಂಡಿಲಿನ ಸಾಲು ಬಂತು.

"ಐದು, ಏಳು, ಎಂಟು" ಎಂದೆ. ಗುಂಡಿಗಳನ್ನು ಹಿಡಿದೆ. ನನ್ನ ಕಾಲು ಪೆಡಲಿನ ಮೇಲೆ ಗಾಳಿಯಲ್ಲಿ ನಿಂತಿತು. ಮುಂದಿನ ಸಾಲು ಹೇಳಲಿಲ್ಲ. ಮಂಚದ ಕಡೆ ನೋಡಿದೆ. ಅಲ್ಲೂ ಒಂದು ಬೆರಳು ಗಾಳಿಯಲ್ಲಿತ್ತು. ಈ ಸಲ ಸರಿ ಎನ್ನಬೇಕಾದವರು ಅವರು.

ಟಕ್.

ತುಳಿದೆ. ರಟ್ಟಿನಿಂದ ಮೂರು ಸಣ್ಣ ಬಿಲ್ಲೆಗಳು ಕಳಚಿ ನೆಲದ ಮೇಲೆ ಉರುಳಿದವು. ನಾನು ಮುಂದಿನ ಸಾಲು ಓದಿದೆ.